ಡಿಜಿಟಲ್ ರೇಡಿಯೊ: ಉಳಿತಾಯ ನಿಲಯಕ್ಕೆ, ಖರ್ಚು ನನಗೆ

ಮೊದಲು ತಂಬೂರಿಯ ಮಾತು. ಮೀಡಿಯಂ ವೇವ್‌ನಲ್ಲಿ ತಂಬೂರಿಯ ತಂತಿಗಳು ಒಂದೊಂದಾಗಿ ಕೇಳುತ್ತವೆ ಅಂತ ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಮೀಡಿಯಂ ವೇವ್‌ನಲ್ಲೇ ಬರುವ ಡಿಜಿಟಲ್ ಪ್ರಸಾರಕ್ಕೆ ಡಿಆರ್‌ಎಂ ಅನ್ನುತ್ತಾರೆ, ಅದನ್ನು ಹಿಡಿಯುವ ಈ ರೇಡಿಯೊ ತಂದ ಮೇಲೆ ಕೇಳುತ್ತಿವೆ. ವೀರೇಶ್ವರ ಪುಣ್ಯಾಶ್ರಮ ಇರುವ ಊರು ನಮ್ಮ ಗದಗ. ಇಲ್ಲಿ ಚಹಾದ ಅಂಗಡಿಯವನಿಗೂ ಶ್ರುತಿ ತಪ್ಪಿದ್ದು ಗೊತ್ತಾಗುತ್ತದೆ. ಅಂಥವರೇ ನನ್ನ ಹೊಲಿಗೆ ಅಂಗಡಿಯ ಮುಂದೆ ನಿಂತು ಕೇಳಿ ಹೋಗುತ್ತಾರೆ.

ದಿನಾ ಶಟರ್ ಎತ್ತಿ, ಮಷಿನ್‌ಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಆಮೇಲೆ ರೇಡಿಯೊ. ಸ್ವಿಚ್ ಒತ್ತಿದ ತಕ್ಷಣ ಇದು ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಇರುತ್ತದೆ, ಪರದೆಯ ಮೇಲೆ ಹೆಸರು ಮೂಡುತ್ತದೆ, ಆಮೇಲೆ ದನಿ. ಅಷ್ಟರಲ್ಲಿ ನಾನು ಬಾಬಿನ್ ಸುತ್ತಿ ಮುಗಿಸಿರುತ್ತೇನೆ. ಒಂದು ತಮಾಷೆ ಅಂದರೆ, ಪಕ್ಕದ ಅಂಗಡಿಯ ಹಳೆ ಟ್ರಾನ್ಸಿಸ್ಟರ್‌ನಲ್ಲಿ ಧಾರವಾಡ ಆಕಾಶವಾಣಿಯ ವಾರ್ತೆ ಮೊದಲು ಬರುತ್ತದೆ, ನನ್ನ ದುಬಾರಿ ರೇಡಿಯೊದಲ್ಲಿ ಕೆಲವು ಸೆಕೆಂಡ್ ತಡವಾಗಿ. ದನಿಯನ್ನು ಅಂಕಿಗಳಾಗಿ ಕಟ್ಟಿ ಮತ್ತೆ ಬಿಚ್ಚಲು ಅಷ್ಟು ಹೊತ್ತು ಬೇಕು. "ನಿಂದು ನಿನ್ನಿ ಸುದ್ದಿ ಹೇಳ್ತದೇನೋ" ಅಂತ ಆ ಅಂಗಡಿಯವರು ಛೇಡಿಸುತ್ತಾರೆ.

ಇನ್ನು ಸಿಟ್ಟು ಬರಿಸಿದ್ದು. ನನ್ನ ಮಷಿನ್‌ಗೆ ಮೋಟರ್ ಇದೆ. ಪೆಡಲ್ ಒತ್ತಿದರೆ ಹಳೆ ರೇಡಿಯೊದಲ್ಲಿ ಗರ್ರ್ ಅನ್ನುತ್ತಿತ್ತು, ಆದರೆ ಅದರ ನಡುವೆಯೇ ಹಾಡೂ ಬರುತ್ತಿತ್ತು. ಇದು ಹಾಗಲ್ಲ. ಗದ್ದಲ ಒಂದು ಮಿತಿ ದಾಟಿತೋ, ಮುನಿಸಿಕೊಂಡ ಅಳಿಯನ ಹಾಗೆ ಪೂರ್ತಿ ಬಾಯಿ ಮುಚ್ಚುತ್ತದೆ. ಡಿಜಿಟಲ್ ಎಂದರೆ ಹೀಗೇ: ಬಂದರೆ ಪೂರಾ, ಇಲ್ಲದಿದ್ದರೆ ಏನೂ ಇಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಕೂಡ ಇದೇ ಕಾಟ ಕೊಡುತ್ತವೆ. ಕೊನೆಗೆ ರೇಡಿಯೊವನ್ನು ಬಾಗಿಲ ಬದಿಯ ಕಪಾಟಿನ ಮೇಲೆ ಏರಿಸಿದೆ. ಈಗ ಪರವಾಗಿಲ್ಲ.

ಬ್ಯಾಟರಿ ಕಥೆ ಬೇರೆ. ಹಳೆಯದಕ್ಕೆ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಮರೆತುಬಿಡಬಹುದಿತ್ತು. ಇದರೊಳಗಿನ ಚಿಪ್‌ಗೆ ಹಸಿವು ಜಾಸ್ತಿ, ದಿನಾ ಚಾರ್ಜ್ ಮಾಡಬೇಕು. ಕರೆಂಟ್ ಹೋದ ದಿನ ಸಂಜೆಯ ಹೊತ್ತಿಗೆ ಸತ್ತಿರುತ್ತದೆ. ಚಾರ್ಜಿಂಗ್ ಪಿನ್ ಸಡಿಲವಾದಾಗ ರಿಪೇರಿಯವರು ಬೆಸುಗೆ ಹಾಕಿಕೊಟ್ಟರು, "ಬೋರ್ಡ್ ಹೋದ್ರ ನಮ್ಮ ಕಡೆ ಸಾಮಾನಿಲ್ಲ ನೋಡ್ರಿ" ಅಂತಲೂ ಹೇಳಿದರು. ಇದಕ್ಕೆ ಹತ್ತು ಸಾವಿರದ ಮೇಲೆ ಕೊಟ್ಟಿದ್ದೇನೆ. ಎಷ್ಟು ಬ್ಲೌಸ್ ಹೊಲಿಯಬೇಕು, ನೀವೇ ಲೆಕ್ಕ ಹಾಕಿ.

ಡಿಜಿಟಲ್‌ನಿಂದ ಕರೆಂಟ್ ಉಳಿಯುತ್ತದೆ ಅನ್ನುತ್ತಾರೆ. ಹೌದು, ಉಳಿಯುತ್ತದೆ, ಆದರೆ ನಿಲಯದ ಕಡೆ. ಎಎಂ, ಅಂದರೆ ಹಳೆ ರೀತಿಯ ಪ್ರಸಾರದಲ್ಲಿ ಶಕ್ತಿಯ ಮೂರರಲ್ಲಿ ಎರಡು ಪಾಲಾದರೂ ದನಿಯನ್ನು ಹೊತ್ತು ತರುವ ಬರೀ ವಾಹಕ ಅಲೆಗೆ ಹೋಗುತ್ತದೆ, ಅದರಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ. ಡಿಆರ್‌ಎಂನಲ್ಲಿ ಆ ದಂಡ ತಪ್ಪುತ್ತದೆ. ಹೊಸ ಟ್ರಾನ್ಸ್‌ಮಿಟರ್‌ಗಳಲ್ಲಿ ಅಲೆಗೆ ಬಲ ಕೊಡುವ, ಆಗಾಗ ಬದಲಿಸಬೇಕಾದ ದೊಡ್ಡ ವಾಲ್ವುಗಳೂ ಇಲ್ಲ. ಒಂದು ಮಾಡ್ಯೂಲ್ ಕೆಟ್ಟರೆ ಉಳಿದವು ನಡೆಸುತ್ತವೆ, ಕೆಟ್ಟದ್ದನ್ನು ತೆಗೆದು ಬೇರೆ ಹಾಕಿದರಾಯಿತು. ಆದರೆ 1950ರಿಂದ ಧಾರವಾಡ ಕೇಳುತ್ತಿರುವ ಈ ಸೀಮೆಯ ಮನೆಗಳಲ್ಲಿ ಇರುವುದು ಹಳೆ ಸೆಟ್ಟುಗಳೇ. ಆ ಕೇಳುಗರನ್ನು ಬಿಡಲಾಗದು. ಹಾಗಾಗಿ 765 ಕಿಲೋಹರ್ಟ್ಸ್‌ನ ಎಎಂ ಜೊತೆಗೇ ಡಿಜಿಟಲ್ ಕೂಡ ಕಳಿಸಬೇಕು. ಎರಡೂ ಓಡುವವರೆಗೆ ಆ ಉಳಿತಾಯ ಪೂರ್ತಿ ಕೈಗೆ ಸಿಗುವುದಿಲ್ಲ. ಆಕಾಶವಾಣಿ ದೇಶದಲ್ಲಿ 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರ್‌ಗಳನ್ನು ಡಿಆರ್‌ಎಂಗೆ ಸಜ್ಜು ಮಾಡಿದೆ. ಅಷ್ಟು ಖರ್ಚು ಮಾಡಿದ ಮೇಲೆ ಬಡವರ ಕೈಗೆಟುಕುವ ಒಂದು ಸೆಟ್ಟೂ ಪೇಟೆಗೆ ಬರಬೇಕಿತ್ತು, ಅಲ್ವಾ? ಕೆಲವು ಹೊಸ ಕಾರುಗಳಲ್ಲಿ ಡಿಆರ್‌ಎಂ ಬರುತ್ತದೆ. ಕಾರಿದ್ದವರಿಗೆ ಸರಿ.

ಹಾಗಂತ ಮಾರುತ್ತೀಯಾ ಅಂದರೆ ಇಲ್ಲ. ಆ ತಂಬೂರಿ ಬಿಟ್ಟಿರಲು ಆಗುವುದಿಲ್ಲ. ಬರೀ ವಾರ್ತೆಗೆ ಬೇಕು ಅನ್ನುವವರು ಮೊಬೈಲ್‌ನಲ್ಲಿ ಆಕಾಶವಾಣಿಯ ಆ್ಯಪ್ ಹಾಕಿಕೊಳ್ಳಿ, ಸಾಕು. ಸಂಗೀತದ ಹುಚ್ಚಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಅದೂ ನಿಮ್ಮ ಮಿಕ್ಸರ್, ಮೋಟರ್, ಬಲ್ಬು ಎಲ್ಲ ಹಚ್ಚಿಟ್ಟು, ನೀವು ಕೂರುವ ಜಾಗದಲ್ಲೇ ಒಮ್ಮೆ ಕೇಳಿದ ಮೇಲೆ ದುಡ್ಡು ಕೊಡಿ.