ಬೈಂಡಿಂಗ್ ಗಟ್ಟಿ, ಪುಟ ಮಾತ್ರ ಹಿಂದೆಮುಂದೆ

ಕಾಸರಗೋಡಿನ ಒಂದು ಬೈಂಡಿಂಗ್ ಅಂಗಡಿಗೆ, ಹೆಸರು ಬೇಡ, ನನ್ನದೊಂದು ಹಳೇ ಇಂಗ್ಲಿಷ್ ಪುಸ್ತಕ ಕೊಟ್ಟಿದ್ದೆ, ಲಂಡನ್ನಿನ ಬ್ಯಾಪ್ಟಿಸ್ಟ್ ಪಾದ್ರಿ ಚಾರ್ಲ್ಸ್ ಸ್ಪರ್ಜನ್ ಅವರ ಹೆಂಡತಿ ಸುಸಾನ್ನಾ ಅವರ ಜೀವನಕತೆ. ರಟ್ಟು ಗಟ್ಟಿ ಉಂಟು, ಕೈ ಹೊಲಿಗೆ, 180 ರೂಪಾಯಿ, ತಕರಾರಿಲ್ಲ. ಆದ್ರೆ ಮನೆಗೆ ಬಂದು ಬಿಡಿಸಿದ್ರೆ ಎಂತ ಮಾರಾಯ್ರೆ, 1892ರಲ್ಲಿ ಗಂಡ ತೀರಿಕೊಂಡ ಮೇಲೆ 1856ರ ಮದುವೆ ಬರ್ತದೆ! ಒಂದು ಫಾರಂ, ಅಂದ್ರೆ ಒಟ್ಟಿಗೆ ಮಡಚಿದ ಪುಟಗಳ ಕಟ್ಟು, ಜಾಗ ತಪ್ಪಿ ಹೊಲಿದಿದ್ದಾರೆ.

ಆದ್ರೂ ಬಿಡದೆ ಓದಿದೆ. ಮೊದಲ ಸಲ ಚಾರ್ಲ್ಸ್ ಅವರ ಚರ್ಚಿನ ಪ್ರಸಂಗ ಕೇಳುವಾಗ ಸುಸಾನ್ನಾ ಅವರ ಕಣ್ಣೆಲ್ಲ ಆ ಹಳ್ಳಿ ಹುಡುಗನ ಅಡ್ಡಾದಿಡ್ಡಿ ಕೂದಲು, ಬಿಳಿ ಚುಕ್ಕೆಯ ನೀಲಿ ಕರ್ಚೀಫಿನ ಮೇಲೆಯೇ ಇತ್ತಂತೆ, ಮೆಚ್ಚಿದ್ದೇನೂ ಇಲ್ಲ. ಮತ್ತೆ ನೋಡಿದ್ರೆ ಅದೇ ಗಂಡನ ಪುಸ್ತಕದ ಪ್ರೂಫ್ ಓದಿ ಇದು ಎಲ್ಲಾ ಪಾದ್ರಿಗಳಿಗೂ ಸಿಗ್ಬೇಕು ಅಂದ್ರು, ಹಾಗಾದ್ರೆ ನೀನೆಷ್ಟು ಕೊಡ್ತಿ ಅಂತ ಅವರು ಕೇಳಿದ್ದಕ್ಕೆ ಕೂಡಿಟ್ಟ ನಾಣ್ಯ ಎಣಿಸಿದ್ರೆ ಸರಿಯಾಗಿ 100 ಪ್ರತಿಗೆ ಆಯ್ತು, 1875ರಲ್ಲಿ ಬಡ ಪಾದ್ರಿಗಳಿಗೆ ಪುಸ್ತಕ ಕಳಿಸುವ ಫಂಡ್ ಶುರುವಾದದ್ದು ಹಾಗೆ, ಅದೂ ವರ್ಷಗಟ್ಟಲೆ ಕಾಯಿಲೆಯಲ್ಲಿ ಮನೆಯೊಳಗೇ ಇದ್ದುಕೊಂಡು.

ಅಂಗಡಿಯವರು ಫ್ರೀಯಾಗಿ ಪುನಃ ಹೊಲಿದು ಕೊಡ್ತೇನೆ ಅಂದಿದ್ದಾರೆ. 3 ಸ್ಟಾರ್. ನೀವು ಕೊಟ್ರೆ ತರುವಾಗ ಅಲ್ಲೇ ಬಿಡಿಸಿ ಪುಟ ನೋಡಿ.