ಟಾಸ್ಕ್‌ಗಳ ನಡುವೆ ಬಿಡುವು: ಮೂರು ದಾರಿ ಬಳಸಿ ನೋಡಿದೆ

ಆನ್‌ಲೈನ್‌ನಲ್ಲಿ ಚಿಕ್ಕ ಚಿಕ್ಕ ಟಾಸ್ಕ್ ಮಾಡಿ ದುಡಿಯುವವರಿಗೆ ಬಿಡುವು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಚಿತ್ರದ ಮೇಲೆ ಚೌಕ ಎಳೆಯುವುದು, ಆಡಿಯೋ ಕೇಳಿ ಟೈಪ್ ಮಾಡುವುದು, ಸರ್ವೆ ತುಂಬುವುದು ಇವೆಲ್ಲ ಮಣಿಕಟ್ಟು, ಕುತ್ತಿಗೆ, ಕಣ್ಣುಗಳನ್ನು ಸವೆಸುವ ಕೆಲಸಗಳೇ. ಆದರೆ ಮಾಡಿದಷ್ಟಕ್ಕೇ ದುಡ್ಡು ಸಿಗುವ ಕಡೆ ಬಿಡುವು ಅಂದರೆ ಸಂಪಾದನೆ ನಿಂತ ಹಾಗೆ, ಅಲ್ವಾ? ಅದಕ್ಕೇ ಯಾವ ವಿಧಾನ ನಿಜಕ್ಕೂ ಪಾಲಿಸಲು ಆಗುತ್ತದೆ ಅಂತ ಹೋಲಿಸಿ ನೋಡಿದೆ.

ಮೊದಲನೆಯದು ಪೊಮೊಡೊರೊ. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಓದು, ಬರಹಕ್ಕೆ ಚೆನ್ನಾಗಿದೆ. ನಮ್ಮ ಕೆಲಸಕ್ಕೆ ಹೊಂದಲಿಲ್ಲ. ಅಲಾರಂ ಹೊಡೆದಾಗಲೆಲ್ಲ ಯಾವುದೋ ಟಾಸ್ಕ್ ಅರ್ಧದಲ್ಲಿರುತ್ತಿತ್ತು.

ಎರಡನೆಯದು, ಬಿಡುವು ನೆನಪಿಸುವ ಉಚಿತ ಸಾಫ್ಟ್‌ವೇರ್: ಸ್ಟ್ರೆಚ್ಲಿ ಮತ್ತು ವರ್ಕ್‌ರೇವ್. ಸ್ಟ್ರೆಚ್ಲಿಯ ಸೆಟ್ಟಿಂಗ್ ಬದಲಿಸದಿದ್ದರೆ 10 ನಿಮಿಷಕ್ಕೊಮ್ಮೆ 20 ಸೆಕೆಂಡು ನಿಲ್ಲಿಸುತ್ತದೆ, ಆಗಾಗ 5 ನಿಮಿಷದ ದೊಡ್ಡ ಬಿಡುವನ್ನೂ ಕೊಡುತ್ತದೆ. ವರ್ಕ್‌ರೇವ್ ಇನ್ನೂ ಜಾಣ. ಕೀಬೋರ್ಡ್, ಮೌಸ್ ಎಷ್ಟು ಓಡುತ್ತಿದೆ ಅಂತ ಗಮನಿಸುತ್ತದೆ. ನೀವೇ ಕೈ ಬಿಟ್ಟು ಕೂತರೆ ಅದನ್ನೂ ಬಿಡುವಿನ ಲೆಕ್ಕಕ್ಕೆ ಸೇರಿಸುತ್ತದೆ. ದಿನದ ಮಿತಿಯನ್ನೂ ಇಟ್ಟುಕೊಳ್ಳಬಹುದು. ಒಂದೇ ಕೊರತೆ: ಟೈಪ್ ಮಾಡದೆ ಸುಮ್ನೆ ಆಡಿಯೋ ಕೇಳುತ್ತಿದ್ದರೂ ಅದಕ್ಕೆ ವಿಶ್ರಾಂತಿಯೇ. ಮಣಿಕಟ್ಟಿಗೆ ಹೌದು, ಬಗ್ಗಿದ ಕುತ್ತಿಗೆಗೆ ಅಲ್ಲ.

ಎರಡಕ್ಕೂ ತೊಡಕು ಒಂದೇ, ಟಾಸ್ಕ್‌ನ ಗಡಿಯಾರ. ಇಂಥ ಟಾಸ್ಕ್ ಸಿಗುವ ಅಮೆಜಾನ್‌ನ ತಾಣ ಮೆಕ್ಯಾನಿಕಲ್ ಟರ್ಕ್‌ನಲ್ಲಿ ಟಾಸ್ಕ್ ಒಪ್ಪಿಕೊಂಡ ಕ್ಷಣದಿಂದ ಸಮಯ ಓಡುತ್ತದೆ. ಎಷ್ಟು ಸಮಯ ಅನ್ನುವುದು ಟಾಸ್ಕ್ ಹಾಕಿದವರ ಕೈಯಲ್ಲಿ. ಅಷ್ಟರೊಳಗೆ ಸಲ್ಲಿಸದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ, ಮಾಡಿದ ಕೆಲಸ ವ್ಯರ್ಥ. ಅಂಥ ಹೊತ್ತಲ್ಲಿ ಪರದೆ ತುಂಬ ‘ವಿಶ್ರಮಿಸಿ’ ಅಂತ ಬಂದರೆ ಯಾರಾದರೂ ಸ್ಕಿಪ್ ಒತ್ತುತ್ತಾರೆ. ಬರಬರುತ್ತಾ ಅದೇ ಅಭ್ಯಾಸವಾಗಿಬಿಡುತ್ತದೆ.

ಹಾಗಾಗಿ ನನಗೆ ಗೆದ್ದದ್ದು ಮೂರನೆಯದು: ಸಲ್ಲಿಸಿದ ಮೇಲೆ, ಮುಂದಿನದನ್ನು ಒಪ್ಪಿಕೊಳ್ಳುವ ಮೊದಲು ನಿಲ್ಲುವುದು. ಆಗ ಯಾವ ಗಡಿಯಾರವೂ ಓಡುತ್ತಿರುವುದಿಲ್ಲ. ಮುಂದಿನ ಟಾಸ್ಕ್ ತಾನಾಗಿಯೇ ತೆರೆಯುವ ಆಯ್ಕೆಯನ್ನು ಮಾತ್ರ ಮೊದಲೇ ತೆಗೆದಿಡಬೇಕು. ಕೈ ಕೆಳಗಿಳಿಸಿ, 20 ಅಡಿ ದೂರದ ಏನನ್ನಾದರೂ 20 ಸೆಕೆಂಡು ನೋಡಿ, ಬೇಕೆಂದೇ ನಾಲ್ಕು ಸಲ ಕಣ್ಣು ಮಿಟುಕಿಸಿ. ಪರದೆ ನೋಡುವಾಗ ನಾವು ಮಿಟುಕಿಸುವುದೇ ಕಡಿಮೆ, ಕಣ್ಣು ಒಣಗುವುದು ಅದರಿಂದಲೇ. ಒಂದಷ್ಟು ಟಾಸ್ಕ್‌ಗಳ ಕಂತು ಮುಗಿದರೆ ಎದ್ದು ಓಡಾಡಿ.

ಕೆಲವೇ ಸೆಕೆಂಡಿನ ಟಾಸ್ಕ್‌ಗಳು ನೂರಾರು ಬಂದಾಗ ಮಾತ್ರ ಈ ದಾರಿ ಸಾಲದು. ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಅಲ್ಲಿ ವರ್ಕ್‌ರೇವ್ ಜೊತೆಗಿರಲಿ.

ಅಂದಹಾಗೆ, ಮೌಸ್ ಬಿಟ್ಟು ಕೀಬೋರ್ಡ್ ಶಾರ್ಟ್‌ಕಟ್‌ನಲ್ಲಿ ಉತ್ತರ ಒತ್ತಲು ಶುರು ಮಾಡಿದ್ದು ನನ್ನ ಮಣಿಕಟ್ಟಿಗೆ ಬಿಡುವಿಗಿಂತ ಜಾಸ್ತಿ ಆರಾಮ ಕೊಟ್ಟಿತು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ ಇದ್ಯಾವುದನ್ನೂ ನಂಬಿ ಕೂರಬೇಡಿ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು, ಡಾಕ್ಟರಿಗೆ ತೋರಿಸಿ.

ಟಾಸ್ಕ್ ಹಾಕುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಕೆಲಸಕ್ಕೆ ಬೇಕಾದ ಸಮಯಕ್ಕಿಂತ ಧಾರಾಳವಾಗಿ ಗಡುವು ಕೊಡಿ. ಆಗ ಉದ್ದದ ಟಾಸ್ಕ್‌ನ ಮಧ್ಯದಲ್ಲೂ ನಾವು ಎದ್ದು ಬರಬಹುದು.