ಕೋಡಿಬಾಗದ ಜಗಲಿಯಲ್ಲಿ ಪದಬಂಧದ ಪಾಠ

ಕಾರವಾರದ ಕೋಡಿಬಾಗದಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕಿಯೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಎರಡು ತಾಸು ನಡೆಸುವ ಪದಬಂಧದ ತರಗತಿಗೆ ಎರಡು ತಿಂಗಳಿಂದ ಹೋಗುತ್ತಿದ್ದೇನೆ. ತಿಂಗಳಿಗೆ 300 ರೂಪಾಯಿ ಶುಲ್ಕ. ಅದರಲ್ಲಿ ಚಹಾ ಮತ್ತು ಒಂದೊಂದು ಬನ್ಸ್ ಸೇರಿದೆ. ಇಂಗ್ಲಿಷ್ ದಿನಪತ್ರಿಕೆಗಳ ಕ್ರಿಪ್ಟಿಕ್ ಪದಬಂಧವನ್ನು ಬಿಡಿಸುವುದನ್ನೂ, ಬಂದ ಉತ್ತರ ಯಾಕೆ ಸರಿ ಎಂದು ವಿವರಿಸುವುದನ್ನೂ ಇಲ್ಲಿ ಕಲಿಸುತ್ತಾರೆ. ಕನ್ನಡ ಪತ್ರಿಕೆಯ ಪದಬಂಧವನ್ನು ಚಹಾ ಆರುವುದರೊಳಗೆ ಮುಗಿಸುತ್ತಿದ್ದ ನನಗೆ, ಇಂಗ್ಲಿಷಿನ ಆ ಹದಿನೈದು ಸಾಲು ಹದಿನೈದು ಕಂಬದ ಚೌಕ ಇಪ್ಪತ್ತು ವರ್ಷವಾದರೂ ಕೈಗೆ ಹತ್ತಿರಲಿಲ್ಲ.

ಸಾಮಾನ್ಯ ಪದಬಂಧದ ಸುಳಿವಿನಲ್ಲಿ ಪದದ ಅರ್ಥವೊಂದೇ ಇರುತ್ತದೆ. ಕ್ರಿಪ್ಟಿಕ್ ಸುಳಿವಿನಲ್ಲಾದರೆ ಅರ್ಥದ ಪಕ್ಕದಲ್ಲೇ ಆ ಪದವನ್ನು ತುಂಡುತುಂಡಾಗಿ ಕಟ್ಟುವ ಇನ್ನೊಂದು ದಾರಿಯೂ ಅಡಗಿರುತ್ತದೆ, ಮತ್ತು ಅರ್ಥ ಹೇಳುವ ಭಾಗ ವಾಕ್ಯದ ಮೊದಲಲ್ಲೋ ಕೊನೆಯಲ್ಲೋ ಇರಬೇಕೇ ಹೊರತು ನಡುವೆ ಬರುವಂತಿಲ್ಲ. ಅಕ್ಕೋರು (ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ) ಇದನ್ನು ಮೊದಲ ದಿನ ಕನ್ನಡದಲ್ಲೇ ತೋರಿಸಿಕೊಟ್ಟರು. ‘ದನದ ಹಿಂದೆ ಕುಂತಿಯ ಚೊಚ್ಚಲ ಮಗ ನಿಂತರೆ ಆತ್ಮಲಿಂಗದ ಊರು (3)’ ಎಂದು ಹಲಗೆಯ ಮೇಲೆ ಬರೆದಾಗ ಗೋಕರ್ಣ ಎನ್ನಲು ಯಾರಿಗೂ ತಡವಾಗಲಿಲ್ಲ. ‘ಉಬ್ಬರಕ್ಕೆ ಹಿಂದೆ ತಿರುಗಿದ ನದಿಯಲ್ಲಿ ಇಪ್ಪತ್ತನಾಲ್ಕು ತಾಸು (2)’ ಎಂಬುದಕ್ಕೆ ಮಾತ್ರ ಕಾಳಿ ನದಿಯ ದಡದಲ್ಲೇ ಹುಟ್ಟಿ ಬೆಳೆದವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ನದಿ ಎಂಬ ಎರಡು ಅಕ್ಷರಗಳನ್ನು ತಿರುಗಿಸಿದರೆ ದಿನ.

ಎರಡು ಭಾಷೆಗಳ ವ್ಯತ್ಯಾಸವನ್ನೂ ಅವರು ಸೊಗಸಾಗಿ ಬಿಡಿಸಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಸ್ವರವೂ ವ್ಯಂಜನವೂ ಬೇರೆ ಬೇರೆ ನಿಲ್ಲುವುದರಿಂದ ‘ಲಿಸನ್’ ಎಂಬುದರ ಆರು ಅಕ್ಷರಗಳನ್ನು ಕಲಸಿದರೆ ‘ಸೈಲೆಂಟ್’ ಆಗುತ್ತದೆ. ಕನ್ನಡದಲ್ಲಿ ಕಾಗುಣಿತ ವ್ಯಂಜನಕ್ಕೇ ಅಂಟಿಕೊಂಡಿರುವ ಕಾರಣ, ‘ನಮನ’ವನ್ನು ಕಲಸಿ ‘ಮನನ’ ಮಾಡಿದಷ್ಟು ಸಲೀಸಾಗಿ ಎಲ್ಲ ಪದಗಳೂ ಬಗ್ಗುವುದಿಲ್ಲ.

ತರಗತಿಯ ನಿಜವಾದ ಬೆಲೆ ಇರುವುದು ಅಲ್ಲಿನ ಒಂದು ಕಟ್ಟುಪಾಡಿನಲ್ಲಿ. ಸುಳಿವಿನ ಪ್ರತಿಯೊಂದು ಪದಕ್ಕೂ ಲೆಕ್ಕ ಕೊಡದೆ ಯಾರೂ ಚೌಕದಲ್ಲಿ ಉತ್ತರ ತುಂಬುವಂತಿಲ್ಲ. ಮೂರನೆಯ ವಾರ ನಾನು ಇದನ್ನು ಮೀರಿ ಪೆಟ್ಟು ತಿಂದೆ. ಸುಳಿವಿನ ಕೊನೆಯಲ್ಲಿ ‘ಫ್ಲವರ್’ ಎಂದಿತ್ತು, ಆರು ಮನೆಗಳಿದ್ದವು, ಮೊದಲನೆಯದರಲ್ಲಿ ಆಗಲೇ ‘ಡಿ’ ಕೂತಿತ್ತು. ಡೇಲಿಯಾ ಹೂವೆಂದು ಪೆನ್ನಿನಲ್ಲೇ ಬರೆದುಬಿಟ್ಟೆ. ಮೂರನೆಯ ಮನೆಗೆ ಮೇಲಿನಿಂದ ಇಳಿದು ಬಂದ ‘ಎನ್’ ಅಡ್ಡ ನಿಂತಾಗ ಅಕ್ಕೋರು ತೆಂಗಿನ ಮರಗಳಾಚೆಗೆ ಕಾಣುವ ಕಾಳಿಯತ್ತ ಕೈ ತೋರಿಸಿ, ‘ಹಂಗಾರೆ ಅದು ಫ್ಲವರ್ ಅಲ್ವನೋ? ಹರಿಯೂದಿಲ್ವ?’ ಎಂದರು. ‘ಫ್ಲೋ’ ಆಗುವಂಥದ್ದು ಫ್ಲವರ್, ಅಂದರೆ ನದಿ, ಉತ್ತರ ಡ್ಯಾನ್ಯೂಬ್. ಜೂಡೋದ ದರ್ಜೆಗೆ ‘ಡ್ಯಾನ್’, ಮೇಲ್ವರ್ಗದವರಿಗೆ ‘ಯು’, ಇರುವುದಕ್ಕೆ ‘ಬಿ’ ಮತ್ತು ‘ಇ’ ಎಂದು ಉಳಿದ ಪದಗಳ ಲೆಕ್ಕವೂ ಚುಕ್ತಾ ಆಯಿತು. ಅಂದಿನಿಂದ ಪೆನ್ಸಿಲ್ ಒಯ್ಯುತ್ತೇನೆ.

ಮನೆಗೆಲಸವೂ ಇದೇ ಬಗೆಯದು. ಒಬ್ಬೊಬ್ಬರೂ ಒಂದೊಂದು ಸುಳಿವನ್ನು ಆರಿಸಿಕೊಂಡು ಅದರ ವಿವರಣೆಯನ್ನು ಒಂದೇ ವಾಕ್ಯದಲ್ಲಿ ಬರೆದು ತರಬೇಕು. ಅವರು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ, ಕೆಲವೊಮ್ಮೆ ನಮ್ಮ ವಾಕ್ಯಕ್ಕಿಂತ ಅವರ ತಿದ್ದುಪಡಿಯೇ ಉದ್ದವಾಗಿರುತ್ತದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಅಚ್ಚು ಮಾಡಿಸಿದ ಮೊದಲ ಪದಬಂಧದ ಕಥೆ ಐದು ನಿಮಿಷದಲ್ಲಿ ಮುಗಿಯಿತು. ಅಷ್ಟು ಸಾಕಿತ್ತು.

ಕೊರತೆಗಳೂ ಇವೆ. ಹಂಚುವ ಜೆರಾಕ್ಸ್ ಪ್ರತಿಗಳಲ್ಲಿ ಕಪ್ಪು ಮನೆಗಳು ಬೂದಿ ಬಣ್ಣಕ್ಕೆ ತಿರುಗಿ, ಅಂಕಿಗಳನ್ನು ಓದಲು ಭೂತಗನ್ನಡಿ ಹಿಡಿಯಬೇಕಾಗುತ್ತದೆ. ‘ಯು’ ಎಂದರೆ ಮೇಲ್ವರ್ಗ, ನಾವಿಕ ಎಂದರೆ ‘ಎಬಿ’ ಅಥವಾ ‘ಟಾರ್’ ಎಂಬಂಥ ಬ್ರಿಟಿಷ್ ಸಂಕೇತಗಳ ನಾಲ್ಕು ಪುಟದ ಪಟ್ಟಿಯನ್ನು ಕೈಗಿತ್ತು ಬಾಯಿಪಾಠ ಮಾಡಿ ಎನ್ನುತ್ತಾರೆ. ಬೇರೆಲ್ಲಕ್ಕೂ ಕಾರಣ ಕೇಳುವವರು ಇದಕ್ಕೆ ಮಾತ್ರ ಕಾರಣ ಹೇಳುವುದಿಲ್ಲ ಎಂಬುದು ನನ್ನ ತಕರಾರು. ಒಂಬತ್ತೂವರೆಯ ತರಗತಿ ಹತ್ತಕ್ಕೆ ಮೊದಲು ಶುರುವಾದದ್ದನ್ನು ನಾನಂತೂ ಕಂಡಿಲ್ಲ.

ಇಂಗ್ಲಿಷ್ ಪತ್ರಿಕೆಯನ್ನು ತಡವರಿಸದೆ ಓದಬಲ್ಲವರಾದರೆ ಧಾರಾಳವಾಗಿ ಸೇರಬಹುದು. ಮಳೆಗಾಲದಲ್ಲಿ ಜಗಲಿಗೆ ಇರಿಚಲು ಹೊಡೆಯುವುದರಿಂದ ತರಗತಿ ಒಳಕೋಣೆಗೆ ಹೋಗುತ್ತದೆ. ಅಲ್ಲಿ ಎಂಟು ಜನರಿಗಷ್ಟೇ ಜಾಗವಿರುವುದರಿಂದ ಮೇ ತಿಂಗಳಲ್ಲೇ ಹೆಸರು ಹೇಳಿಟ್ಟಿರಬೇಕು.